ಬ್ರೇಕ್ ಮೇಷ್ಟ್ರ ಬಲಗಾಲು

ಮೇಷ್ಟ್ರ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಕಾಯಿಲೆ ಏನೂ ಅಲ್ಲ. ಜೀವಮಾನವಿಡೀ ಕಾರು ಓಡಿಸುವುದನ್ನು ಕಲಿಸಿದವರ ಕಾಲು ಅದು, ಅಷ್ಟೆ. ಕಲಿಯುವವರು ಸ್ಟೇರಿಂಗ್ ಹಿಡಿದು ಕೂತರೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಕಲಿಸುವ ಕಾರುಗಳಲ್ಲಿ ಆ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಎದುರಿಗೆ ಏನೇ ಬರಲಿ, ನಾಯಿಯೋ, ಬಸ್ಸೋ, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲವೋ, ತಲೆಗೆ ಸುದ್ದಿ ಮುಟ್ಟುವ ಮೊದಲೇ ಬಲಗಾಲು ಹೋಗಿ ಆ ಬ್ರೇಕನ್ನು ಒತ್ತಿ ಆಗಿರುತ್ತಿತ್ತು. ಊರಿನಲ್ಲಿ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಕೇಳಿದರೆ ಪಕ್ಕದ ಮನೆಯವರೂ ತಲೆ ಕೆರೆದುಕೊಳ್ಳುತ್ತಿದ್ದರು.

ಒಂದು ತಮಾಷೆಯನ್ನು ಹೇಳಲೇಬೇಕು. ಇಷ್ಟೊಂದು ಜನಕ್ಕೆ ಕಲಿಸಿದ ಈ ಮಹಾಶಯರು ತಾವಾಗಿ ಕಾರು ಓಡಿಸುತ್ತಿದ್ದುದು ಅಷ್ಟಕ್ಕಷ್ಟೆ. ಬೆಳಿಗ್ಗೆ ಮೊದಲು ಕಲಿಯುವವರು ಮನೆ ಬಾಗಿಲಿಗೇ ಬಂದು ಕಾರು ಹತ್ತುತ್ತಿದ್ದರು. ಸಂಜೆ ಕೊನೆಗೆ ಕಲಿಯುವವರು ಮನೆಯವರೆಗೂ ಓಡಿಸಿಕೊಂಡು ಬಂದು ಇವರನ್ನೂ ಕಾರನ್ನೂ ಬಿಟ್ಟು ಹೋಗುತ್ತಿದ್ದರು. ನಡುವೆ ಇಡೀ ದಿನ ಪಕ್ಕದ ಸೀಟು. ಹೀಗೆ ಮೇಷ್ಟ್ರು ಎಷ್ಟೋ ವರ್ಷ ಊರೆಲ್ಲ ಸುತ್ತಿದರು, ಸ್ಟೇರಿಂಗ್ ಮುಟ್ಟಿದ್ದು ಮಾತ್ರ ಕಾರು ತೊಳೆಯುವ ದಿನ, ಇಲ್ಲವೇ ಅಪರೂಪಕ್ಕೆ ಮನೆಯವರನ್ನು ಕರೆದೊಯ್ಯುವ ದಿನ.

ಆಮೇಲೆ ತಾನಿಗಳು ಬಂದವು. ತಾನೇ ಓಡುವ ಬಂಡಿಗೆ ಜನ ಇಟ್ಟ ಮುದ್ದಿನ ಹೆಸರು ಅದು. ಬಾಗಿಲಲ್ಲಿ ನಿಂತು ಕರೆದರೆ ಬರುತ್ತದೆ, ಹತ್ತಿಸಿಕೊಳ್ಳುತ್ತದೆ, ಇಳಿಸುತ್ತದೆ, ಮುಂದಿನವರ ಹತ್ತಿರ ಹೋಗುತ್ತದೆ. ಮನೆಯ ಮುಂದೆ ಕಾರು ನಿಲ್ಲಿಸುತ್ತಿದ್ದ ಜಾಗಗಳಲ್ಲಿ ಜನ ಟೊಮೆಟೊ ಬೆಳೆದರು. ಚೌಕಗಳಲ್ಲಿದ್ದ ಕೆಂಪು ಹಸಿರು ದೀಪಗಳನ್ನು ಕಿತ್ತುಹಾಕಿದರು, ತಾನಿಗಳಿಗೆ ಅವುಗಳ ಅಗತ್ಯವಿರಲಿಲ್ಲ, ಅವು ತಮ್ಮತಮ್ಮೊಳಗೇ ಮಾತಾಡಿಕೊಳ್ಳುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಬದಲಾದವರು ನಡೆಯುವವರು. ರಸ್ತೆ ದಾಟುವಾಗ ಆಚೆ ಈಚೆ ನೋಡುವ ಅಭ್ಯಾಸವೇ ತಪ್ಪಿಹೋಯಿತು. ತಾನಿ ನಿಂತೇ ನಿಲ್ಲುತ್ತದೆ ಎಂದಮೇಲೆ ಕತ್ತು ನೋಯಿಸಿಕೊಳ್ಳುವುದು ಯಾಕೆ? ಹರಟೆ ಹೊಡೆಯುತ್ತ, ತಿನ್ನುತ್ತ, ಆಕಾಶ ನೋಡುತ್ತ ರಸ್ತೆಗಿಳಿಯುತ್ತಿದ್ದರು.

ಮೇಷ್ಟ್ರು ಮೊದಲ ಸಲ ತಾನಿ ಹತ್ತಿದ ದಿನ ಒಂದು ರಾದ್ಧಾಂತವೇ ಆಯಿತು. ಎದುರಿಗೆ ಒಬ್ಬರು ಅಡ್ಡ ಬಂದರು, ಬಲಗಾಲು ನೆಲ ಒತ್ತಿತು. ಇನ್ನೊಬ್ಬರು ಬಂದರು, ಮತ್ತೆ ಒತ್ತಿತು. ತಾನಿ ಒಳ್ಳೆಯ ದನಿಯಲ್ಲಿ, "ಪ್ರಯಾಣಿಕರೇ, ನಿಮ್ಮ ಬಲಗಾಲು ಸೆಳೆಯುತ್ತಿದೆಯೇ?" ಎಂದು ಕೇಳಿತು.

"ನೀನು ರಸ್ತೆ ನೋಡು ಮಾರಾಯಾ!" ಎಂದು ಮೇಷ್ಟ್ರು ಕಿರುಚಿದರು.

ಕಾಲು ಸೆಳೆತ, ಮೇಲೆ ಕಿರುಚಾಟ. ತಾನಿ ಒಂದಕ್ಕೊಂದು ಕೂಡಿಸಿ ನೋಡಿ, ಇವರನ್ನು ನೇರ ಆಸ್ಪತ್ರೆಯ ಬಾಗಿಲಿಗೆ ಒಯ್ದು ನಿಲ್ಲಿಸಿತು. ಅಲ್ಲಿ ಇಬ್ಬರು ಗಾಲಿಕುರ್ಚಿ ಹಿಡಿದು ಕಾಯುತ್ತಿದ್ದರು. ನನಗೇನೂ ಆಗಿಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ, ಎಲ್ಲ ರೋಗಿಗಳೂ ಅದನ್ನೇ ಹೇಳುತ್ತಾರಂತೆ. ಸಂಜೆ ಮಗಳು ಹೋಗಿ ಬಿಡಿಸಿಕೊಂಡು ಬಂದಳು. ಮಗಳಿಗೆ ತಾನಿಗಳ ಕಚೇರಿಯಲ್ಲೇ ಕೆಲಸ, ಜನರ ದೂರು ಕೇಳುವ ಮೇಜು ಅವಳದು. ಅಪ್ಪನ ಕಥೆಯನ್ನು ಅವಳು ಆ ಕಚೇರಿಯಲ್ಲಿ ಹೇಳಿದಾಗ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಲಿಫ್ಟು ಇಳಿಯುವಾಗಲೂ ಆ ಕಾಲು ಒತ್ತುತ್ತಿತ್ತು. ಊಟದ ಮೇಜಿನ ಕೆಳಗೂ ಒತ್ತುತ್ತಿತ್ತು, ಯಾರಾದರೂ ಸಾರಿನ ಪಾತ್ರೆಯನ್ನು ಅಂಚಿನ ಹತ್ತಿರ ಇಟ್ಟರೆ ಸಾಕು. ಮನೆಯವರು ಅದಕ್ಕೆ ಒಗ್ಗಿಹೋಗಿದ್ದರು. ಮೇಷ್ಟ್ರ ಡ್ರೈವಿಂಗ್ ಶಾಲೆಯಲ್ಲಿ ಮಾತ್ರ ಆ ಕಾಲಿಗೆ ಕೆಲಸ ಉಳಿದಿರಲಿಲ್ಲ. ಶಾಲೆ ಎಂದರೆ ಒಂದು ಕಿರಿದಾದ ಕೋಣೆ, ಗೋಡೆಯ ಮೇಲೆ ಬಿಸಿಲಿಗೆ ಬಿಳುಚಿದ ರಸ್ತೆ ಚಿಹ್ನೆಗಳ ಚಾರ್ಟು, ಮೇಜಿನ ಮೇಲೆ ಚೌಕ ಬರೆದ ಹಲಗೆ, ಅದರ ಮೇಲೆ ಆಟದ ಕಾರುಗಳು. ಹೊರಗೆ ಎರಡು ಬ್ರೇಕಿನ ಹಳೆಯ ಬಿಳಿ ಕಾರು. ಮೇಷ್ಟ್ರು ಬೆಳಿಗ್ಗೆ ಹೋಗಿ ಬಾಗಿಲು ತೆಗೆದು, ಆಟದ ಕಾರುಗಳ ಧೂಳು ಒರೆಸಿ, ಮಧ್ಯಾಹ್ನ ಬಾಗಿಲು ಹಾಕಿ ಬರುತ್ತಿದ್ದರು. ಊರಿನ ಉಳಿದ ಶಾಲೆಗಳು ಎಂದೋ ಮುಚ್ಚಿದ್ದವು.

ಹೆಂಡತಿಯ ಅಂಗಡಿ ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಬೀದಿಯವರಿಗೆ ಆಕೆ ಟೈಲರಮ್ಮ. ಈಗ ಬಟ್ಟೆ ಹೊಲಿಯುವುದೆಲ್ಲ ಯಂತ್ರವೇ. ಕನ್ನಡಿಯ ಮುಂದೆ ನಿಂತು ಅಳತೆ ಕೊಟ್ಟರೆ ಸಂಜೆಗೆ ಬಟ್ಟೆ ಮನೆಗೆ ಬರುತ್ತದೆ. ಆದರೆ ಅಳತೆ ಕೊಟ್ಟ ಮೇಲೂ ಮನುಷ್ಯರ ಹೊಟ್ಟೆ ಸುಮ್ಮನಿರಬೇಕಲ್ಲ! ಒಳಗೆ ಹಿಡಿಸುವುದು, ಹೊರಗೆ ಬಿಡಿಸುವುದು, ಉದ್ದ ಕಡಿಮೆ ಮಾಡುವುದು, ಇಂಥದ್ದಕ್ಕೆಲ್ಲ ಜನ ಟೈಲರಮ್ಮನ ಹತ್ತಿರವೇ ಬರುತ್ತಿದ್ದರು. ಆಕೆ ದಿನವಿಡೀ ಹೊಲಿಗೆಯಂತ್ರದ ಪೆಡಲಿನ ಮೇಲೆ ಕಾಲಿಟ್ಟು ಕೂತಿರುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಮಗಳು ಸುದ್ದಿ ತಂದಳು.

"ಅಪ್ಪ, ಕೈಲೈಸೆನ್ಸ್ ಈ ತಿಂಗಳ ಕೊನೆಗೆ ನಿಂತುಹೋಗುತ್ತಂತೆ. ಈಗ ಲೈಸೆನ್ಸ್ ಇರೋರು ಬದುಕಿರೋವರೆಗೂ ಓಡಿಸ್ಕೋಬಹುದು. ಹೊಸಬರಿಗೆ ಇನ್ನು ಕೊಡಲ್ಲ."

ಕೈಯಿಂದ ಕಾರು ಓಡಿಸಲು ಬೇಕಾದ ಪರವಾನಗಿಯೇ ಕೈಲೈಸೆನ್ಸ್. ಮೇಷ್ಟ್ರು ತುತ್ತು ನುಂಗಿ, "ನಿಲ್ಲಲಿ ಬಿಡು," ಎಂದರು. "ಕಲಿಯೋಕೆ ಇಲ್ಲಿ ಯಾರು ಕ್ಯೂ ನಿಂತಿದ್ದಾರೆ?"

"ನಾನು," ಎಂದಳು ಹೆಂಡತಿ.

ಮೇಜಿನ ಕೆಳಗೆ ಮೇಷ್ಟ್ರ ಬಲಗಾಲು ನೆಲ ಒತ್ತಿತು.

"ಈಗ ಯಾಕಮ್ಮ ಇದೆಲ್ಲ? ಕರೆದ್ರೆ ತಾನಿ ಬರುತ್ತಲ್ಲ," ಎಂದಳು ಮಗಳು.

"ಬರುತ್ತೆ. ಅದೇ ನನಗೆ ಸಾಕಾಗಿರೋದು. ಹುಟ್ಟಿದಾಗಿಂದ ಯಾರೋ ಒಬ್ರು ನನ್ನ ಕೂರಿಸ್ಕೊಂಡೇ ಹೋಗಿದ್ದಾರೆ. ಅಪ್ಪ ಸೈಕಲ್ ಮೇಲೆ ಕೂರಿಸ್ಕೊಂಡ್ರು. ಇವರು ಹಿಂದಿನ ಸೀಟಲ್ಲಿ ಕೂರಿಸ್ಕೊಂಡ್ರು. ಈಗ ಈ ತಾನಿ. ಎಡಕ್ಕೆ ಹೋಗ್ಬೇಕು ಅನ್ಸಿದಾಗ ನನ್ನ ಕೈಯಿಂದ ಎಡಕ್ಕೆ ತಿರುಗಿಸ್ಬೇಕು. ಒಬ್ಬಳೇ. ಇದೊಂದು ಆಸೆ ನನಗೆ. ಈ ತಿಂಗಳು ಆಗ್ಲಿಲ್ಲ ಅಂದ್ರೆ ಇನ್ನು ಆಗೋದೇ ಇಲ್ಲ."

ಇದಕ್ಕೊಂದು ಹಿಂದಿನ ಕಥೆಯಿದೆ. ಮದುವೆಯಾದ ಹೊಸತರಲ್ಲಿ ಮೇಷ್ಟ್ರು ಹೆಂಡತಿಗೆ ಕಾರು ಕಲಿಸಲು ಹೊರಟಿದ್ದರು. ಉತ್ಸಾಹ ಕೆಲವೇ ದಿನ ನಡೆಯಿತು. ನೀರಿನ ಟ್ಯಾಂಕಿನ ಹತ್ತಿರದ ತಿರುವಿನಲ್ಲಿ ಒಂದು ಲಾರಿ ಎದುರಾಯಿತು, ಮೇಷ್ಟ್ರು ದಬಕ್ಕನೆ ಬ್ರೇಕ್ ಒತ್ತಿದರು, ಕಾರು ನಡುರಸ್ತೆಯಲ್ಲಿ ನಿಂತಿತು, ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರು. "ನಾನು ಒತ್ತೋಕೆ ಹೊರಟಿದ್ದೆ. ನೀವ್ಯಾಕೆ ಒತ್ತಿದ್ರಿ?" ಎಂದು ಹೆಂಡತಿ ಕೇಳಿದಳು. ಮೇಷ್ಟ್ರು, "ಎಲ್ಲರೂ ಹೀಗೇ ಹೇಳ್ತಾರೆ," ಎಂದರು. ಆಕೆ ಬಾಗಿಲು ತೆಗೆದು ಇಳಿದು, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದುಹೋದಳು. ಜಗಳವನ್ನೇನೂ ಆಡಲಿಲ್ಲ, ಮಾತು ಬಿಡಲಿಲ್ಲ, ಆ ರಾತ್ರಿ ಊಟಕ್ಕೂ ಬಡಿಸಿದಳು. ಆದರೆ ಅಂದಿನಿಂದ ಕಾರಿನಲ್ಲಿ ಆಕೆ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು.

ಮೇಷ್ಟ್ರು ಅದನ್ನು ಮರೆತಿದ್ದರು ಎಂದುಕೊಳ್ಳಬೇಡಿ. ಊರಿಗೆಲ್ಲ ಕಲಿಸಿದವನು ಹೆಂಡತಿಗೆ ಕಲಿಸಲಾರದೆ ಹೋದ ಎಂಬ ಮಾತು ಅವರ ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತ್ತು. ಮರುದಿನ ಬೆಳಿಗ್ಗೆ ತಾವೇ ಕಾರು ಒರೆಸಿ ಮನೆಯ ಮುಂದೆ ತಂದು ನಿಲ್ಲಿಸಿದರು.

ಟೈಲರಮ್ಮ ಕಾರು ಹತ್ತುವ ಮೊದಲೇ ಕರಾರು ಹಾಕಿದಳು. ಸುಮ್ಮಸುಮ್ಮನೆ ಬ್ರೇಕ್ ಒತ್ತಿದ ದಿನ ಅಡುಗೆ ಮೇಷ್ಟ್ರದು. ಮೇಷ್ಟ್ರು ಧಾರಾಳವಾಗಿ ಒಪ್ಪಿಕೊಂಡರು. ಆ ತಿಂಗಳು ಅವರ ಮನೆಯಲ್ಲಿ ಹೆಂಗಸರು ಒಲೆಯ ಹತ್ತಿರ ಹೋಗಲೇ ಇಲ್ಲ. ಮೊದಮೊದಲು ಅನ್ನ ಗಂಜಿಯಾಯಿತು, ಪಲ್ಯ ಸೀದುಹೋಯಿತು, ತಿಂಗಳು ಅರ್ಧ ಕಳೆಯುವಷ್ಟರಲ್ಲಿ ಮಗಳು ತಟ್ಟೆ ನೆಕ್ಕಿ, "ಅಪ್ಪ, ಈಗೀಗ ಉಪ್ಪು ಸರಿಯಾಗಿ ಬೀಳ್ತಿದೆ," ಎಂದಳು. ಕಾಲು ಮಾತ್ರ ತಿದ್ದಿಕೊಳ್ಳಲಿಲ್ಲ.

ಟೈಲರಮ್ಮ ಚೆನ್ನಾಗಿಯೇ ಓಡಿಸುತ್ತಿದ್ದಳು. ಸ್ಟೇರಿಂಗನ್ನು ಬಟ್ಟೆ ತಿರುಗಿಸುವ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದಳು. ರಸ್ತೆಯಲ್ಲಿ ಕೈಕಾರು ಕಂಡರೆ ತಾನಿಗಳು ದೂರ ಸರಿದು ದಾರಿ ಬಿಡುತ್ತಿದ್ದವು, ಕುದಿಯುವ ಪಾತ್ರೆ ಹಿಡಿದು ಬರುವವರಿಗೆ ದಾರಿ ಬಿಡುವ ಹಾಗೆ. ಕಷ್ಟವೆಲ್ಲ ನಡೆಯುವವರದು. ಒಬ್ಬರಾದರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅಂಥವರು ಕಂಡ ಕೂಡಲೇ ಮೇಷ್ಟ್ರ ಕಾಲು ಬ್ರೇಕಿನ ಮೇಲೆ.

"ಕಂಡಿತ್ತು ರೀ ನನಗೆ!"

"ಗೊತ್ತು ಕಣೇ. ಕಾಲಿಗೆ ಗೊತ್ತಾಗಲ್ಲ."

"ಪರೀಕ್ಷೆ ದಿನ ಆ ಕಾಲನ್ನ ಮನೇಲಿ ಬಿಟ್ಟು ಬನ್ನಿ."

ಆಕೆ ನಗೆಚಾಟಿಕೆಗೆ ಹೇಳಿದರೂ ಮೇಷ್ಟ್ರು ಅದನ್ನು ನಿಜವೆಂದೇ ತೆಗೆದುಕೊಂಡರು. ಈಗಿನ ಪರೀಕ್ಷೆಯಲ್ಲಿ ಮನುಷ್ಯರು ಇರುವುದಿಲ್ಲ. ರಸ್ತೆ ಕಚೇರಿಯವರು ಕಾರಿನೊಳಗೆ ಅಂಗೈಯಗಲದ ಒಂದು ಪೆಟ್ಟಿಗೆ ಕೂರಿಸಿ ಕಳಿಸುತ್ತಾರೆ, ಅದೇ ದಾರಿ ಹೇಳುತ್ತದೆ, ಅದೇ ಪಾಸು ಫೇಲು ಹೇಳುತ್ತದೆ. ಕಲಿಸಿದವರು ಪಕ್ಕದಲ್ಲಿ ಕೂರಲೇಬೇಕು ಎಂಬ ಹಳೆಯ ನಿಯಮವನ್ನು ಮಾತ್ರ ಯಾರೂ ಅಳಿಸಿರಲಿಲ್ಲ. ಕೂತವರು ತಮ್ಮ ಬ್ರೇಕನ್ನು ಒಂದು ಸಲ ಒತ್ತಿದರೂ ಫೇಲು. ಪರೀಕ್ಷೆ ಒಂದೇ ಸಲ, ಅದೂ ತಿಂಗಳ ಕೊನೆಯ ದಿನ ಸಿಕ್ಕಿತ್ತು. ಬೇರೆ ಮೇಷ್ಟ್ರನ್ನು ಕೂರಿಸೋಣವೆಂದರೆ ಊರಲ್ಲಿ ಇನ್ನೊಬ್ಬ ಮೇಷ್ಟ್ರು ಉಳಿದಿರಲಿಲ್ಲ. ಹೆಂಡತಿ ಪಾಸಾಗುವುದು ಹೆಂಡತಿಯ ಕೈಯಲ್ಲಿರಲಿಲ್ಲ, ಗಂಡನ ಕಾಲಲ್ಲಿತ್ತು.

ಪರೀಕ್ಷೆಯ ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ಪೆಟ್ಟಿಗೆ ಕೂರಿಸಿ ಹೋದವರ ಬೆನ್ನು ಕಾಣದಾದ ಮೇಲೆ, ಟೈಲರಮ್ಮ ಚೀಲದಿಂದ ಸೂಜಿದಾರ ತೆಗೆದಳು.

"ಕಾಲು ಎರಡೂ ಜೋಡಿಸಿ ಕೂರಿ."

"ಏನು ಮಾಡ್ತೀಯೇ?"

"ಹೊಲೀತೀನಿ."

ನಿಜಕ್ಕೂ ಹೊಲಿದಳು. ಮೇಷ್ಟ್ರ ಪ್ಯಾಂಟಿನ ಎರಡು ಕಾಲುಗಳ ಅಂಚನ್ನು ಸೇರಿಸಿ, ಬಿಳಿ ದಾರದಲ್ಲಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದಳು. ಗಟ್ಟಿ ಹೊಲಿಗೆಗೆ ಮುಂಚೆ ಬಟ್ಟೆ ಜಾರದಿರಲಿ ಎಂದು ಟೈಲರುಗಳು ಹಾಕುತ್ತಾರಲ್ಲ, ಅದೇ. ಜೋರಾಗಿ ಎಳೆದರೆ ಕಿತ್ತುಬರುತ್ತದೆ.

"ಗಟ್ಟಿಯಾಗೇ ಹಾಕ್ಬಿಡು," ಎಂದರು ಮೇಷ್ಟ್ರು.

"ಬೇಡ. ನಿಜವಾಗ್ಲೂ ಏನಾದ್ರೂ ಆದ್ರೆ ನೀವು ಒತ್ಲೇಬೇಕಲ್ಲ. ಯಾರದ್ದೋ ಜೀವಕ್ಕಿಂತ ನನ್ನ ಲೈಸೆನ್ಸ್ ದೊಡ್ಡದಾ? ದಾರ ಬಿಗಿ ಹಿಡಿದಾಗ ನಿಮಗೆ ನೆನಪಾಗುತ್ತೆ, ಅಷ್ಟು ಸಾಕು." ಆಕೆ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಸೆರಗಿಗೆ ಚುಚ್ಚಿ, ಸ್ಟೇರಿಂಗ್ ಹಿಡಿದಳು.

ಪೆಟ್ಟಿಗೆ ಮಾತಾಡಿತು. "ಶುಭೋದಯ. ದಯವಿಟ್ಟು ಗೇಟಿನಿಂದ ಹೊರಗೆ ಹೋಗಿ, ಎಡಕ್ಕೆ ತಿರುಗಿ."

ಗೇಟಿನಿಂದ ಹೊರಬೀಳುತ್ತಿದ್ದಂತೆ ಬಲಗಡೆಯಿಂದ ಒಂದು ತಾನಿ ಸುಯ್ಯನೆ ಬಂದು, ಇವರನ್ನು ಕಂಡು ನಿಂತಿತು. ತಾನಿ ನಿಲ್ಲುತ್ತದೆ ಎಂದು ಜಗತ್ತಿಗೇ ಗೊತ್ತು, ಮೇಷ್ಟ್ರ ಕಾಲಿಗೆ ಗೊತ್ತಿಲ್ಲ. ಕಾಲು ನೆಗೆಯಿತು. ಪಟ್ ಎಂದು ದಾರ ಕಿತ್ತುಹೋಯಿತು. ಆ ಸದ್ದಿಗೆ ಮೇಷ್ಟ್ರಿಗೆ ಎಚ್ಚರವಾಗಿ, ಕಾಲು ಬ್ರೇಕು ಮುಟ್ಟುವ ಮುಂಚೆ ಗಾಳಿಯಲ್ಲಿ ನಿಂತಿತು.

"ಏನದು ಸದ್ದು?" ಎಂದಳು ಹೆಂಡತಿ, ಕಣ್ಣು ರಸ್ತೆಯ ಮೇಲೇ.

"ಏನಿಲ್ಲ. ನೀನು ಮುಂದೆ ನೋಡು."

ಈಗ ಹೇಳಿದರೆ ಆಕೆಯ ಗಮನ ತಪ್ಪುತ್ತದೆ. ಮೇಷ್ಟ್ರು ಕಾಲನ್ನು ಮೆಲ್ಲಗೆ ಇಳಿಸಿ, ಎರಡೂ ಪಾದ ಜೋಡಿಸಿ, ಇನ್ನೂ ಹೊಲಿದೇ ಇದೆ ಎಂಬಂತೆ ಕೂತರು. ಮೊಣಕಾಲನ್ನು ಎರಡು ಕೈಯಲ್ಲೂ ಅದುಮಿ ಹಿಡಿದರು. ಇಡೀ ಪರೀಕ್ಷೆ ಇನ್ನೂ ಮುಂದಿತ್ತು, ಕಾಲು ಬಿಡುಗಡೆಯಾಗಿ ಕೂತಿತ್ತು.

ಮಾರುಕಟ್ಟೆ ದಾಟಿದರು. ಸೇತುವೆ ಹತ್ತಿ ಇಳಿದರು. ಪೆಟ್ಟಿಗೆ ನಿಲ್ಲಿಸು ಎಂದಲ್ಲಿ ಟೈಲರಮ್ಮ ನಿಲ್ಲಿಸಿದಳು, ಹಿಂದೆ ತೆಗೆ ಎಂದಲ್ಲಿ ಹಿಂದೆ ತೆಗೆದಳು. ಮೇಷ್ಟ್ರಿಗೆ ಬೆವರು ಕಿತ್ತುಬಂದು ಅಂಗಿ ಬೆನ್ನಿಗೆ ಅಂಟಿತ್ತು. ರಸ್ತೆ ನೋಡಿದರೆ ಕಾಲು ಏಳುತ್ತದೆ ಎಂದು ಹೆದರಿ, ಅವರು ರಸ್ತೆ ನೋಡುವುದನ್ನೇ ಬಿಟ್ಟರು. ತಲೆ ತಗ್ಗಿಸಿ ಕೆಳಗೆ ನೋಡತೊಡಗಿದರು. ಕೆಳಗೆ ಹೆಂಡತಿಯ ಪಾದಗಳಿದ್ದವು. ನೀವು ನಂಬುತ್ತೀರೋ ಇಲ್ಲವೋ, ಇಷ್ಟು ವರ್ಷ ಕಲಿಸಿದವರು ಕಲಿಯುವವರ ಪಾದವನ್ನು ಒಂದು ದಿನವೂ ಸರಿಯಾಗಿ ನೋಡಿದವರಲ್ಲ. ನೋಡುವ ಪುರುಸೊತ್ತೇ ಇರಲಿಲ್ಲ, ಕಣ್ಣು ಯಾವಾಗಲೂ ರಸ್ತೆಯ ಮೇಲೆ. ಹೆಂಡತಿಯ ಪಾದ ಪೆಡಲನ್ನು ಒತ್ತುವುದನ್ನು, ಸಡಿಲಿಸುವುದನ್ನು, ಬ್ರೇಕಿನ ಮೇಲೆ ಹೋಗಿ ಕಾದು ಕೂರುವುದನ್ನು ಮೇಷ್ಟ್ರು ಬೆರಗಾಗಿ ನೋಡಿದರು.

"ನೀರಿನ ಟ್ಯಾಂಕಿನ ಬಳಿ ಬಲಕ್ಕೆ ತಿರುಗಿ," ಎಂದಿತು ಪೆಟ್ಟಿಗೆ.

ಅದೇ ತಿರುವು. ಮೇಷ್ಟ್ರು ತಡೆಯಲಾರದೆ ತಲೆಯೆತ್ತಿದರು. ಕಾರು ತಿರುಗುತ್ತಿದ್ದಂತೆ, ಎಳೆಮಗುವಿನ ತಳ್ಳುಗಾಡಿ ಹಿಡಿದ ಒಬ್ಬ ಹೆಂಗಸು, ಮಗುವಿಗೆ ಏನೋ ಹೇಳಿ ನಗಿಸುತ್ತ, ಅತ್ತಿತ್ತ ನೋಡದೆ ರಸ್ತೆಗಿಳಿದಳು. ತಳ್ಳುಗಾಡಿಯೇ ಮುಂದು.

ಮೇಷ್ಟ್ರ ಕೈಯ ಹಿಡಿತ ತಪ್ಪಿಸಿಕೊಂಡು ಕಾಲು ಎದ್ದಿತು, ಬ್ರೇಕಿನ ಮೇಲೆ ಹೋಗಿ ಕೂತಿತು, ಕೆಳಗಿನ ಸ್ಪ್ರಿಂಗು ಪಾದಕ್ಕೆ ತಾಕಿತು. ಇನ್ನು ಒತ್ತಬೇಕು, ಅಷ್ಟೇ. ಅದೇ ಗಳಿಗೆಯಲ್ಲಿ ಅವರ ಕಣ್ಣು ಕೆಳಗೆ ಹೋಯಿತು. ಹೆಂಡತಿಯ ಪಾದ ಆಗಲೇ ಹೊರಟಿತ್ತು. ಆತುರವಿಲ್ಲದೆ, ತಡವೂ ಇಲ್ಲದೆ ಅದು ಬ್ರೇಕಿಗೆ ಹೋಗಿ ಇಳಿಯುತ್ತಿತ್ತು.

ಮೇಷ್ಟ್ರು ಒತ್ತಲಿಲ್ಲ.

ಕಾರು ಮೆತ್ತಗೆ ನಿಂತಿತು. ಹೆಂಗಸು ತಳ್ಳುಗಾಡಿ ತಳ್ಳಿಕೊಂಡು ಆಚೆ ದಾಟಿದಳು. ಒಳಗೆ ಮನುಷ್ಯರು ಕಾರು ಓಡಿಸುತ್ತಿದ್ದಾರೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಮಗು ಮಾತ್ರ ಇವರ ಕಡೆ ತಿರುಗಿ ನೋಡಿತು. ಟೈಲರಮ್ಮ ಕಾರು ಮುಂದೆ ಬಿಟ್ಟಳು.

ಕಚೇರಿಯ ಅಂಗಳಕ್ಕೆ ಬಂದು ನಿಂತಾಗ ಪೆಟ್ಟಿಗೆ, "ನೀವು ಉತ್ತೀರ್ಣರಾಗಿದ್ದೀರಿ. ಈ ಕಚೇರಿಯ ಪರೀಕ್ಷೆಗಳು ಇಲ್ಲಿಗೆ ಮುಗಿದವು. ವಂದನೆಗಳು," ಎಂದು ಹೇಳಿ ದೀಪ ಆರಿಸಿಕೊಂಡಿತು. ಟೈಲರಮ್ಮ ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತಳು. ಆಮೇಲೆ ಕಣ್ಣೊರೆಸಿಕೊಂಡು, ಚೀಲದಿಂದ ಚಿಕ್ಕ ಕತ್ತರಿ ತೆಗೆದು, "ಬನ್ನಿ, ಬಿಡಿಸ್ತೀನಿ ನಿಮ್ಮನ್ನ," ಎಂದು ಬಗ್ಗಿದಳು.

ಬಗ್ಗಿದವಳು ಹಾಗೇ ಉಳಿದಳು. ದಾರದ ಎರಡು ತುದಿಗಳು ಪ್ಯಾಂಟಿನ ಎರಡು ಕಾಲುಗಳ ಅಂಚಿನಲ್ಲಿ ಬೇರೆಬೇರೆಯಾಗಿ ನೇತಾಡುತ್ತಿದ್ದವು.

"ಯಾವಾಗ ಕಿತ್ತುಹೋಗಿದ್ದು ಇದು?"

"ಗೇಟಿನ ಹತ್ರಾನೇ."

"ಅಂದ್ರೆ ಆ ಹೆಂಗಸು ಅಡ್ಡ ಬಂದಾಗ..."

"ಕಾಲು ಬ್ರೇಕಿನ ಮೇಲೇ ಇತ್ತು."

"ಮತ್ತೆ ಯಾಕೆ ಒತ್ಲಿಲ್ಲ?"

ಮೇಷ್ಟ್ರು ಉತ್ತರ ಹುಡುಕಲಿಲ್ಲ. ಅದು ಅಷ್ಟು ವರ್ಷದಿಂದ ಅವರ ಹತ್ತಿರವೇ ಇತ್ತು.

"ನೀನು ಒತ್ತೋಕೆ ಹೊರಟಿದ್ದೆ," ಎಂದರು.

ಟೈಲರಮ್ಮ ದಾರದ ಒಂದು ತುದಿಯನ್ನು ಎಳೆದು ತೆಗೆದು ಬೆರಳಿಗೆ ಸುತ್ತಿಕೊಂಡಳು. ಕತ್ತರಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ, "ಇಳೀರಿ," ಎಂದಳು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಒಂದು ಸುತ್ತು ನಾನೊಬ್ಬಳೇ ಹೋಗಿ ಬರ್ತೀನಿ. ಇವತ್ತು ಅಡುಗೆ ನನ್ನದು, ನೀವು ಒತ್ಲಿಲ್ಲ."

ಮೇಷ್ಟ್ರು ಇಳಿದು ಬಾಗಿಲು ಹಾಕಿದರು. ಬಿಳಿ ಕಾರು ಗೇಟು ದಾಟಿತು, ಇಂಡಿಕೇಟರ್ ಮಿನುಗಿಸಿ ಎಡಕ್ಕೆ ತಿರುಗಿತು. ಪಕ್ಕದ ಸೀಟು ಖಾಲಿಯಾಗಿರುವುದು ಗಾಜಿನಲ್ಲಿ ಕಾಣುತ್ತಿತ್ತು. ಮೇಷ್ಟ್ರು ಗೇಟಿನ ಹೊರಗೆ ಬಂದು, ರಸ್ತೆಯಂಚಿನ ಕಲ್ಲಿನ ಮೇಲೆ ನಿಂತು ನೋಡಿದರು. ದೂರದಲ್ಲಿ ಯಾರೋ ಇಬ್ಬರು ಮಾತಾಡುತ್ತ ರಸ್ತೆಗಿಳಿದರು, ಕಾರು ನಿಧಾನವಾಯಿತು, ನಿಂತಿತು, ಮತ್ತೆ ಹೊರಟಿತು. ಮೇಷ್ಟ್ರ ಬಲಗಾಲು ಆ ಕಲ್ಲನ್ನು ಬಲವಾಗಿ ಒತ್ತಿಕೊಂಡೇ ಇತ್ತು, ಕಾರು ಕಣ್ಮರೆಯಾಗುವವರೆಗೂ.